ಓಕ್ ಪಟ್ಟಿಯ ನೆಲ ಹಾಕಿಸುವವರಿಗೆ: ಮೊಳೆ ಹೊಡೆಯುವ ಮೊದಲು ತೇವ ಅಳೆಯುವವರನ್ನು ಹುಡುಕಿ

ನಮ್ಮ ಮನೆ ಇರುವುದು ಶಿಕಾಗೊದ ಪಶ್ಚಿಮದ ಒಂದು ಉಪನಗರದಲ್ಲಿ. ಕೆಳ ಅಂತಸ್ತಿಗೆ ಕೆಂಪು ಓಕ್ ಪಟ್ಟಿಗಳ ನೆಲ ಹಾಕಿಸಿದ ಮೇಲೆ ಒಂದು ಚಳಿಗಾಲವೂ ಒಂದು ಬೇಸಿಗೆಯೂ ದಾಟಿವೆ. ಈ ಎರಡು ಋತುಗಳನ್ನು ಕಾಣದೆ ಮರದ ನೆಲದ ಬಗ್ಗೆ ವಿಮರ್ಶೆ ಬರೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಸ ಪಾಲಿಶಿನ ಹೊಳಪಿನಲ್ಲಿ ಎಲ್ಲರ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ಕೆಲಸದ ನಿಜವಾದ ಗುಣ ತಿಳಿಯುವುದು ಜನವರಿಯಲ್ಲಿ, ಹೀಟರ್ ಹಗಲು ರಾತ್ರಿ ಓಡಿ ಮನೆಯ ಗಾಳಿ ಒಣಗಿದಾಗ. ಮತ್ತೆ ಜುಲೈಯಲ್ಲಿ, ಸೆಕೆ ಮೈಗೆ ಅಂಟಿಕೊಂಡಾಗ.

ನೆಲ ಹಾಕಿದವರು ತಂದೆ, ಮಗ ಮತ್ತು ಇಬ್ಬರು ಸಹಾಯಕರ ಸಣ್ಣ ತಂಡ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ ಅಂಕ. ಹೋದ ಅರ್ಧ ಅಂಕ ಉಜ್ಜುವ ಕೆಲಸದ್ದು, ಅದನ್ನು ಮುಂದೆ ವಿವರವಾಗಿಯೇ ಹೇಳುತ್ತೇನೆ. ಇಲ್ಲಿ ಕನ್ನಡ ಕೂಟದ ಬಳಗದಲ್ಲಿ ಯಾರಾದರೂ ಮನೆ ಕೊಂಡರೆ ಸಾಮಾನು ಬಿಚ್ಚುವ ಮೊದಲೇ ಕಾರ್ಪೆಟ್ ಕೀಳಿಸುವ ಮಾತು ಶುರುವಾಗುತ್ತದೆ. ಯಾವ ಬಣ್ಣ, ಎಷ್ಟು ಬೆಲೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಮೊಳೆ ಹೊಡೆಯುವ ಮೊದಲು ತೇವ ಅಳೆಯುತ್ತೀರಾ ಎಂಬ, ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ಹೇಳಬೇಕೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಅಳತೆ. ಹಾಲ್, ಊಟದ ಕೋಣೆ, ಎರಡನ್ನೂ ಸೇರಿಸುವ ಪಡಸಾಲೆ ಎಲ್ಲ ಸೇರಿ 640 ಚದರ ಅಡಿ. ಪಟ್ಟಿಯ ಅಗಲ ಎರಡೂಕಾಲು ಇಂಚು, ದಪ್ಪ ಮುಕ್ಕಾಲು ಇಂಚು, ಪೂರ್ತಿ ಗಟ್ಟಿ ಮರ, ಅಂದರೆ ಪದರ ಅಂಟಿಸಿದ್ದಲ್ಲ, ಒಂದೇ ತುಂಡಿನದು. ಒಂದು ಅಂಚಿನಲ್ಲಿ ನಾಲಿಗೆ, ಎದುರಿನ ಅಂಚಿನಲ್ಲಿ ಅದು ಕೂರುವ ತೋಡು. ಪಾಲಿಶ್ ಇಲ್ಲದ ಪಟ್ಟಿಗಳನ್ನು ತಂದು, ಪ್ಲೈವುಡ್ಡಿನ ಮೇಲೆ ಮೊಳೆ ಹೊಡೆದು, ಆಮೇಲೆ ಮನೆಯಲ್ಲೇ ಉಜ್ಜಿ ಪಾಲಿಶ್ ಮಾಡುವ ಹಳೆಯ ಕ್ರಮ. ಕಾರ್ಪೆಟ್ ಕೀಳುವುದರಿಂದ ಹಿಡಿದು ಮೂರನೆಯ ಕೋಟ್ ಪಾಲಿಶ್ ತನಕ ಚದರ ಅಡಿಗೆ 13 ಡಾಲರ್ ಹತ್ತಿರ ಬಿತ್ತು. ಗೋಡೆಯಂಚಿನ ಸ್ಕರ್ಟಿಂಗ್ ಪಟ್ಟಿಗೆ ಬೇರೆ ಲೆಕ್ಕ. ಅಗ್ಗವೇನಲ್ಲ. ಆದರೆ ಈ ದಪ್ಪದ ಪಟ್ಟಿಯಲ್ಲಿ ನಾಲಿಗೆಯ ಮೇಲೆ ಸುಮಾರು ಕಾಲು ಇಂಚು ಮರ ಇರುತ್ತದೆ. ಹಾಳಾದಾಗ ಉಜ್ಜಿ ಹೊಸದು ಮಾಡಿಕೊಳ್ಳಲು ಹಲವು ಅವಕಾಶ ಉಂಟು. ಶಿಕಾಗೊ ನಗರದೊಳಗೆ 1910ರಿಂದ 1940ರ ನಡುವೆ ಕಟ್ಟಿದ ಇಟ್ಟಿಗೆಯ ಬಂಗಲೆಗಳಲ್ಲಿ ಅಂದಿನ ಓಕ್ ನೆಲವೇ ಇಂದೂ ಬಳಕೆಯಲ್ಲಿರುವುದನ್ನು ನೋಡಬಹುದು. ಅಂಥ ಹಳೆಯ ಮನೆ ಕೊಂಡವರು ಹೊಸ ಮರಕ್ಕೆ ದುಡ್ಡು ಸುರಿಯುವ ಮೊದಲು ಬೀರುವಿನ ಮೂಲೆಯಲ್ಲಿ ಕಾರ್ಪೆಟ್ಟಿನ ತುದಿ ಎತ್ತಿ ನೋಡಿಕೊಳ್ಳಿ. ನಿಮಗೆ ಬೇಕಾದ ನೆಲ ಕೆಳಗೇ ಮಲಗಿರಬಹುದು. ಒಂಬತ್ತು ಇಂಚಿನ ಹಳೆಯ ಚೌಕ ಟೈಲ್ಸ್ ಕಂಡರೆ ಮಾತ್ರ ಕೀಳಲು ಹೋಗಬೇಡಿ. ಅವುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಹೆಚ್ಚು, ಮೊದಲು ಪರೀಕ್ಷೆ ಮಾಡಿಸಿ. ನಮ್ಮದು ಎಪ್ಪತ್ತರ ದಶಕದ ಮನೆ. ಕಾರ್ಪೆಟ್ಟಿನ ಕೆಳಗೆ ಬರೀ ಪ್ಲೈವುಡ್ ಇತ್ತು.

ಬೆಲೆ ಹೇಳಲು ಬಂದವರಲ್ಲಿ ಒಬ್ಬರು ಲೇಸರ್ ಅಳತೆಗೋಲನ್ನು ನಾಲ್ಕು ಗೋಡೆಗೆ ಹಿಡಿದು, ಕಾಫಿ ಆರುವುದರೊಳಗೆ ಮೊತ್ತ ಹೇಳಿದರು. ಸೋಮವಾರ ಮರ ಬರುತ್ತದೆ, ಸೋಮವಾರವೇ ಹೊಡೆಯಲು ಶುರು ಎಂದರು. ಅವರದೇ ಎಲ್ಲಕ್ಕಿಂತ ಕಡಿಮೆ ಬೆಲೆ. ಇನ್ನೊಬ್ಬರು ಓಕ್ ಬೇಡವೆಂದು ನಮ್ಮ ಮನವೊಲಿಸಲು ಹೊರಟರು. ಪ್ಲಾಸ್ಟಿಕ್ಕಿನ ಹಲಗೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ನೀರು ಸುರಿದು ತೋರಿಸಿದರು. ಅದು ನೀರಿಗೆ ಜಗ್ಗುವುದಿಲ್ಲ ಎಂಬುದು ನಿಜ. ಆದರೆ ನನಗೆ ಬೇಕಾಗಿದ್ದದ್ದು ಮರ. ಸಾಗರದ ಹತ್ತಿರದ ನಮ್ಮ ತವರು ಮನೆಯ ಮಹಡಿ ಹಲಗೆಯದು. ಅಂಗಾಲಿಗೆ ತಣ್ಣಗೂ ಅಲ್ಲ, ಬಿಸಿಯೂ ಅಲ್ಲ ಎನ್ನುವಂಥ ಆ ಹದವನ್ನು ಬಾಲ್ಯದಲ್ಲಿ ಬರಿಗಾಲಲ್ಲಿ ಅನುಭವಿಸಿದವರಿಗೆ ಮರದ ಚಿತ್ರ ಅಚ್ಚೊತ್ತಿದ ಪ್ಲಾಸ್ಟಿಕ್ ತೋರಿಸಿ ಪ್ರಯೋಜನವಿಲ್ಲ.

ತಂದೆ–ಮಗನ ತಂಡ ಬಂದಾಗ ಆ ಹಿರಿಯರು ಹಾಲ್ ಕಡೆ ನೋಡಲೇ ಇಲ್ಲ. ಬೇಸ್‌ಮೆಂಟಿಗೆ ದಾರಿ ಯಾವುದು ಎಂದು ಕೇಳಿದರು. ಕೆಳಗಿಳಿದು ಟಾರ್ಚ್ ಹಾಕಿ ತೊಲೆಗಳು ಯಾವ ದಿಕ್ಕಿಗೆ ಓಡಿವೆ, ಅವುಗಳ ನಡುವೆ ಎಷ್ಟು ಅಂತರ ಎಂದು ನೋಡಿ ಬರೆದುಕೊಂಡರು. 16 ಇಂಚು. ಪ್ಲೈವುಡ್ಡಿನ ದಪ್ಪ ನೋಡಿದರು. ಪಟ್ಟಿಗಳು ತೊಲೆಗೆ ಅಡ್ಡಲಾಗಿ ಓಡಬೇಕು, ಹಾಗಾಗಿ ನೀವು ಇಷ್ಟಪಟ್ಟರೂ ಪಡದಿದ್ದರೂ ನೆಲದ ದಿಕ್ಕು ಇದೇ ಎಂದು ನೇರವಾಗಿ ಹೇಳಿದರು. ಆಮೇಲೆ ಜೇಬಿನಿಂದ ಎರಡು ಸೂಜಿಗಳಿರುವ ಸಣ್ಣ ಮೀಟರ್ ತೆಗೆದು ಪ್ಲೈವುಡ್ಡಿಗೆ ಚುಚ್ಚುತ್ತಾ ಮೂಲೆ ಮೂಲೆ ಸುತ್ತಿದರು. ಕೆಲಸ ಇವರಿಗೇ ಎಂದು ನಾನು ಅಲ್ಲೇ ತೀರ್ಮಾನಿಸಿದೆ. ಬೆಲೆ ಕೇಳಿದ್ದು ಅದರ ನಂತರ.

ಆ ಮೀಟರ್ ಯಾಕೆ ಅಷ್ಟು ಮುಖ್ಯ? ಮರ ಕಡಿದು, ಸೀಳಿ, ಒಲೆಯಲ್ಲಿ ಒಣಗಿಸಿ, ಪಟ್ಟಿ ಮಾಡಿದ ಮೇಲೂ ಗಾಳಿಯ ತೇವ ಕುಡಿಯುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಮನೆಯ ಉಷ್ಣತೆ 70 ಡಿಗ್ರಿ ಫ್ಯಾರನ್‌ಹೀಟ್ ಇದ್ದು ಗಾಳಿಯ ಆರ್ದ್ರತೆ ಶೇಕಡ 30 ಇದ್ದರೆ ಮರದ ತೇವಾಂಶ ಶೇಕಡ 6ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆರ್ದ್ರತೆ 50ಕ್ಕೆ ಏರಿದರೆ ತೇವಾಂಶ 9ಕ್ಕೆ ಏರುತ್ತದೆ. ತೇವ ಏರಿದಾಗ ಪಟ್ಟಿ ಅಗಲದಲ್ಲಿ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಉದ್ದದಲ್ಲಿ ಬದಲಾವಣೆ ಇಲ್ಲವೆಂದೇ ಹೇಳಬಹುದು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ 1910ರಿಂದ ನಡೆಯುತ್ತಿರುವ ಸರ್ಕಾರಿ ಅರಣ್ಯ ಉತ್ಪನ್ನ ಪ್ರಯೋಗಾಲಯ ಪ್ರತಿ ಜಾತಿಯ ಮರಕ್ಕೂ ಈ ಹಿಗ್ಗು–ಕುಗ್ಗುಗಳ ಕೋಷ್ಟಕ ಮಾಡಿಟ್ಟಿದೆ. ಅದರ ಲೆಕ್ಕ ಹಿಡಿದರೆ ಎರಡೂಕಾಲು ಇಂಚಿನ ಕೆಂಪು ಓಕ್ ಪಟ್ಟಿಯಲ್ಲಿ ತೇವಾಂಶ ನಾಲ್ಕು ಅಂಶ, ಅಂದರೆ ಶೇಕಡ 6ರಿಂದ 10ಕ್ಕೆ ಎಂಬಂತೆ, ಬದಲಾದರೆ ಅಗಲ ಸುಮಾರು ಒಂದು ಇಂಚಿನ 32ನೇ ಒಂದು ಭಾಗದಷ್ಟು ಬದಲಾಗುತ್ತದೆ. ಇಷ್ಟೇನಾ ಎನಿಸಬಹುದು. 15 ಅಡಿ ಅಗಲದ ಕೋಣೆಯಲ್ಲಿ ಇಂಥ 80 ಪಟ್ಟಿಗಳು ಸಾಲಾಗಿ ಕೂರುತ್ತವೆ. ಎಲ್ಲವೂ ಒಟ್ಟಿಗೆ ಹಿಗ್ಗಲು ಹೊರಟರೆ ಎರಡೂವರೆ ಇಂಚಿನ ನೂಕುಬಲ. ಅದಕ್ಕೆ ಜಾಗವಿಲ್ಲದಿದ್ದರೆ ನೆಲ ಮಧ್ಯದಲ್ಲಿ ಉಬ್ಬಿ ಮೇಲೇಳುತ್ತದೆ. ಒದ್ದೆ ಮರವನ್ನು ಹೊಡೆದಿದ್ದರೆ ಚಳಿಗಾಲದಲ್ಲಿ ನಾಣ್ಯ ಜಾರಿ ಬೀಳುವಷ್ಟು ಬಿರುಕು ಬಿಡುತ್ತದೆ. ಸೋಮವಾರ ಮರ ತಂದು ಸೋಮವಾರವೇ ಹೊಡೆಯುತ್ತೇನೆ ಎನ್ನುವವರು ಈ ಲೆಕ್ಕವನ್ನು ನಿಮ್ಮ ತಲೆಗೆ ಕಟ್ಟಿ ಹೋಗುತ್ತಾರೆ.

ಈ ದೇಶದ ಮರದ ನೆಲದ ಕಸುಬಿನವರ ರಾಷ್ಟ್ರೀಯ ಸಂಘದ ನಿಯಮ ಸ್ಪಷ್ಟವಾಗಿದೆ. ಮೂರು ಇಂಚಿಗಿಂತ ಕಿರಿದಾದ ಪಟ್ಟಿಗಳಾದರೆ ಅವುಗಳ ತೇವಾಂಶಕ್ಕೂ ಕೆಳಗಿನ ಪ್ಲೈವುಡ್ಡಿನ ತೇವಾಂಶಕ್ಕೂ ನಾಲ್ಕು ಅಂಶಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೂರು ಇಂಚು ಮತ್ತು ಅದಕ್ಕಿಂತ ಅಗಲದ ಹಲಗೆಗೆ ಎರಡೇ ಅಂಶ. ಈಗ ಎಲ್ಲರೂ ಐದು, ಏಳು ಇಂಚಿನ ಅಗಲ ಹಲಗೆಗಳ ಹಿಂದೆ ಬಿದ್ದಿದ್ದಾರೆ. ಚಿತ್ರದಲ್ಲಿ ಅವು ಸುಂದರವಾಗಿಯೇ ಕಾಣುತ್ತವೆ. ಆದರೆ ಆರು ತಿಂಗಳು ಹೀಟರ್ ಓಡುವ ಊರಿನಲ್ಲಿ ಗಟ್ಟಿ ಮರವೇ ಬೇಕೆನ್ನುವವರಿಗೆ ನಾನು ಕಿರಿದಾದ ಪಟ್ಟಿಯನ್ನೇ ಹೇಳುತ್ತೇನೆ. ಕುಗ್ಗುವುದು ಹೇಗೂ ತಪ್ಪುವುದಿಲ್ಲ. ಕಿರಿದಾದ ಪಟ್ಟಿಯಲ್ಲಿ ಆ ಕುಗ್ಗು ಎಂಬತ್ತು ಕಡೆ ಹಂಚಿಹೋಗಿ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಮನೆಯಲ್ಲಿ ಆದದ್ದು ಇದು. ಪಟ್ಟಿಗಳ ಕಟ್ಟುಗಳು ಬಂದಾಗ ಅವುಗಳ ತೇವಾಂಶ 7 ತೋರಿಸಿತು. ಪ್ಲೈವುಡ್ ಎಲ್ಲ ಕಡೆ 9ರ ಹತ್ತಿರ ಇದ್ದರೆ ಊಟದ ಕೋಣೆಯ ಒಂದು ಮೂಲೆಯಲ್ಲಿ ಮಾತ್ರ 12. ಹಿರಿಯರು ಮತ್ತೆ ಬೇಸ್‌ಮೆಂಟಿಗೆ ಇಳಿದರು. ಆ ಮೂಲೆಯ ಸರಿಯಾಗಿ ಕೆಳಗೆ ಬಟ್ಟೆ ಒಣಗಿಸುವ ಯಂತ್ರ. ಅದರ ಹಬೆ ಹೊರಗೆ ಒಯ್ಯುವ ಕೊಳವೆ ಗೋಡೆಯ ಬಳಿ ಕಳಚಿಕೊಂಡಿತ್ತು. ಪ್ರತಿ ಸಲ ಬಟ್ಟೆ ಒಣಗಿಸಿದಾಗಲೂ ಆ ಹಬೆಯೆಲ್ಲ ತೊಲೆಗಳ ನಡುವೆ ಸೇರುತ್ತಿತ್ತು. ಕಾರ್ಪೆಟ್ ಇದ್ದಷ್ಟು ಕಾಲ ಅದು ಯಾರ ಗಮನಕ್ಕೂ ಬರುವ ಸಂಗತಿಯಲ್ಲ. ಕೊಳವೆ ಕೂಡಿಸಿ, ತೇವ ಹೀರುವ ಯಂತ್ರ ಹಚ್ಚಿ, ಆ ಮೂಲೆ ಉಳಿದ ನೆಲದ ಮಟ್ಟಕ್ಕೆ ಇಳಿಯುವ ತನಕ ಒಂದೇ ಒಂದು ಮೊಳೆ ಹೊಡೆಯುವುದಿಲ್ಲ ಎಂದರು. ಆ ದಿನಗಳಿಗೆ ಅವರು ಬೇರೆ ಕೂಲಿ ಕೇಳಲಿಲ್ಲ. ನಡುನಡುವೆ ಬಂದು ಚುಚ್ಚಿ ನೋಡಿ, ಅಂಕಿಯನ್ನು ಅಲ್ಲೇ ಪ್ಲೈವುಡ್ಡಿನ ಮೇಲೆ ಪೆನ್ಸಿಲ್ಲಿನಲ್ಲಿ ತಾರೀಖಿನ ಸಮೇತ ಬರೆದು ಹೋಗುತ್ತಿದ್ದರು. ಅಷ್ಟರಲ್ಲಿ ಪಟ್ಟಿಗಳೂ ಕಟ್ಟು ಬಿಚ್ಚಿಸಿಕೊಂಡು, ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿಕೊಂಡು ಹಾಲಿನಲ್ಲೇ ಮನೆಯ ಹವೆಗೆ ಒಗ್ಗುತ್ತಿದ್ದವು.

ಈ ಬಿಡುವಿನಲ್ಲಿ ಆ ಹಿರಿಯರ ಮಗ ನಮಗೆ ಒಂದು ತುಂಡು ಕೆಂಪು ಓಕನ್ನು ಪರಿಚಯಿಸಿಕೊಟ್ಟ. ಬೆರಳುದ್ದದ ತುಂಡಿನ ಒಂದು ತುದಿಯನ್ನು ಲೋಟದ ನೀರಿನಲ್ಲಿ ಅದ್ದಿ ಇನ್ನೊಂದು ತುದಿಯಿಂದ ಊದಿದರೆ ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಕೆಂಪು ಓಕಿನ ನಾಳಗಳು ಅಷ್ಟು ತೆರೆದುಕೊಂಡಿವೆ. ಬಿಳಿ ಓಕಿನಲ್ಲಿ ಅವು ಒಳಗೇ ಮುಚ್ಚಿಹೋಗಿರುತ್ತವೆ. ಮದ್ಯದ ಪೀಪಾಯಿಗಳನ್ನು ಬಿಳಿ ಓಕಿನಲ್ಲಿ ಮಾಡುವುದು ಆ ಕಾರಣಕ್ಕೆ. ನನ್ನ ಮಗಳು ಆ ತುಂಡನ್ನು ಶಾಲೆಗೆ ಒಯ್ದು ಎಲ್ಲರಿಂದ ಊದಿಸಿದಳು. ನಾನು ತೆಗೆದುಕೊಂಡ ಪಾಠ ಬೇರೆ: ಈ ಮರದ ಕೊನೆಯಂಚಿಗೆ ನೀರು ತಾಗಿದರೆ ಅದು ಮೇಲೆಯೇ ನಿಲ್ಲುವುದಿಲ್ಲ, ಒಳಗೆ ಬಹುದೂರ ಓಡುತ್ತದೆ.

ಗಟ್ಟಿತನದ ವಿಷಯದಲ್ಲಿ ನಮ್ಮವರಿಗೆ ಒಂದು ತಪ್ಪು ಕಲ್ಪನೆ ಇದೆ. ತೇಗವೇ ಎಲ್ಲಕ್ಕಿಂತ ಗಟ್ಟಿ ಎಂದು ನಾವು ನಂಬಿ ಬೆಳೆದಿದ್ದೇವೆ. ತೇಗ ಬಾಳಿಕೆಯಲ್ಲಿ, ಗೆದ್ದಲು ತಡೆಯುವುದರಲ್ಲಿ, ನೀರು ತಾಳುವುದರಲ್ಲಿ ದೊಡ್ಡದು. ಆದರೆ ನೆಲಕ್ಕೆ ಬೇಕಾದ ತಗ್ಗು ಬೀಳದ ಗುಣವನ್ನು ಉಕ್ಕಿನ ಗುಂಡನ್ನು ಮರಕ್ಕೆ ಅರ್ಧ ಹುದುಗುವಷ್ಟು ಒತ್ತಿ ಅಳೆಯುತ್ತಾರೆ. ಜಾಂಕಾ ಎಂಬ ಆ ಅಳತೆಯಲ್ಲಿ ಕೆಂಪು ಓಕ್ 1290, ಬಿಳಿ ಓಕ್ 1360, ಹಿಕರಿ 1820. ತೇಗ ಕೆಂಪು ಓಕಿಗಿಂತ ಕೆಳಗೆ ನಿಲ್ಲುತ್ತದೆ.

ಪಟ್ಟಿಯ ದರ್ಜೆಯಲ್ಲಿ ನಾವು ಆರಿಸಿದ್ದು ನಂಬರ್ ಒನ್ ಕಾಮನ್. ಅದರ ಮೇಲೆ ಸೆಲೆಕ್ಟ್, ಕ್ಲಿಯರ್ ಎಂಬ ದುಬಾರಿ ದರ್ಜೆಗಳಿವೆ. ದರ್ಜೆ ಬದಲಾದರೆ ಮರದ ಬಲವೇನೂ ಬದಲಾಗುವುದಿಲ್ಲ. ಗಂಟು, ಬಣ್ಣದ ಏರುಪೇರು, ಪಟ್ಟಿಗಳ ಸರಾಸರಿ ಉದ್ದ, ಇವಷ್ಟೇ ವ್ಯತ್ಯಾಸ. ಅಲ್ಲೊಂದು ಇಲ್ಲೊಂದು ಗಂಟು, ಗುಲಾಬಿ ಛಾಯೆಯ ಪಕ್ಕದಲ್ಲೇ ಜೇನು ಬಣ್ಣ ಇದ್ದರೆ ನೆಲಕ್ಕೆ ಜೀವಕಳೆ ಬರುತ್ತದೆ. ಉಳಿದ ಹಣ ಒಳ್ಳೆಯ ಪಾಲಿಶಿಗೆ ಹೋಯಿತು.

ಪಟ್ಟಿ ಹೊಡೆಯುವ ದಿನಗಳಲ್ಲಿ ನನಗೆ ಕಲಿಯಲು ಸಿಕ್ಕಿದ್ದು ಬಹಳ. ಮೊದಲು ಪ್ಲೈವುಡ್ ಎಲ್ಲೆಲ್ಲಿ ಕಿರುಗುಟ್ಟುತ್ತದೆಯೋ ಅಲ್ಲೆಲ್ಲ ತೊಲೆಗೆ ಇಳಿಯುವಂತೆ ಸ್ಕ್ರೂ ಹಾಕಿದರು. ಉದ್ದನೆಯ ನೇರಪಟ್ಟಿ ಇಟ್ಟು 10 ಅಡಿಯಲ್ಲಿ ಕಾಲು ಇಂಚಿಗಿಂತ ಹೆಚ್ಚು ತಗ್ಗು ದಿಣ್ಣೆ ಇರುವ ಜಾಗ ಗುರುತಿಸಿ ಉಜ್ಜಿ ಸಮ ಮಾಡಿದರು. ಅದರ ಮೇಲೆ ಡಾಂಬರಿನ ಕಪ್ಪು ಕಾಗದ. ಮತ್ತೆ ನೀಲಿ ಪುಡಿ ಹಚ್ಚಿದ ದಾರ ಎಳೆದು ಮೀಟಿ ಕೋಣೆಯುದ್ದಕ್ಕೂ ಒಂದು ಗೆರೆ. ಗೋಡೆ ನೇರವಾಗಿದೆ ಎಂದು ಯಾರೂ ನಂಬಲಿಲ್ಲ. ನೆಲದ ಸಾಲು ಹೊರಟದ್ದು ಆ ಗೆರೆಯಿಂದ. ಪಡಸಾಲೆಯೂ ಎರಡು ಕೋಣೆಗಳೂ ಒಂದೇ ಸಾಲಿನಲ್ಲಿ, ಬಾಗಿಲಲ್ಲಿ ಎಲ್ಲೂ ಅಡ್ಡಪಟ್ಟಿ ಇಲ್ಲದೆ ಕೂಡಿಕೊಳ್ಳಬೇಕಾದರೆ ಈ ಗೆರೆಯೇ ಆಧಾರ. ಪಡಸಾಲೆಯಲ್ಲಿ ಕೆಲಸ ಹಿಂದುಮುಂದಾಗಿ ಸಾಗಬೇಕಾದಲ್ಲಿ ಎರಡು ತೋಡುಗಳು ಎದುರುಬದುರಾದವು. ಅಲ್ಲಿ ಬೇರೆ ನಾಲಿಗೆಯೊಂದನ್ನು ಅಂಟು ಹಚ್ಚಿ ಸೇರಿಸಿದರು. ಇವತ್ತು ಆ ಜಾಗ ಎಲ್ಲಿದೆ ಎಂದು ತೋರಿಸಲು ನನ್ನಿಂದ ಆಗುವುದಿಲ್ಲ.

ಮೊಳೆ ಹೊಡೆಯುವ ಮೊದಲು ಹತ್ತಾರು ಸಾಲು ಪಟ್ಟಿಗಳನ್ನು ಸುಮ್ಮನೆ ನೆಲದ ಮೇಲೆ ಹಾಸಿ ನೋಡುತ್ತಿದ್ದರು. ಇದು ಹಿರಿಯರೊಬ್ಬರದೇ ಕೆಲಸ. ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ನಮ್ಮ ಅತ್ತೆ ಹಬ್ಬದ ಹಿಂದಿನ ದಿನ ಹೂವನ್ನು ಬಣ್ಣ ನೋಡಿ, ಮೊಗ್ಗು ನೋಡಿ ಮಾಲೆಗೆ ಜೋಡಿಸಿಟ್ಟುಕೊಳ್ಳುವಂತೆಯೇ ಅವರು ಮೂರು ನಾಲ್ಕು ಕಟ್ಟುಗಳಿಂದ ಪಟ್ಟಿ ಎತ್ತಿ, ಕಡುಬಣ್ಣದವು ಒಂದೇ ಕಡೆ ಗುಂಪಾಗದಂತೆ, ಮೋಟು ಪಟ್ಟಿಗಳು ಅಕ್ಕಪಕ್ಕ ಬರದಂತೆ ಹರಡುತ್ತಿದ್ದರು. ಪಕ್ಕದ ಸಾಲಿನ ಕೂಡುಗೆರೆಗೂ ಈ ಸಾಲಿನ ಕೂಡುಗೆರೆಗೂ ಕನಿಷ್ಠ ಆರು ಇಂಚು ಅಂತರ. ಕೂಡುಗೆರೆಗಳು ಮೆಟ್ಟಿಲಿನಂತೆ ಓರೆಯಾಗಿ ಇಳಿಯುತ್ತ ಹೋಗಬಾರದು. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಅವು ನೇರಕ್ಕೆ ನೇರ ಬರಬಾರದು. ಯಾವುದಾದರೂ ಮನೆಯ ನೆಲ ಯಾಕೋ ಕಣ್ಣಿಗೆ ಚುಚ್ಚುತ್ತದೆ, ಕಾರಣ ಗೊತ್ತಾಗುತ್ತಿಲ್ಲ ಎನಿಸಿದರೆ ಕೂಡುಗೆರೆಗಳನ್ನು ನೋಡಿ. ತಪ್ಪು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಮೊಳೆ ಮೇಲೆ ಎಲ್ಲೂ ಕಾಣುವುದಿಲ್ಲ. ಗಾಳಿಯ ಒತ್ತಡದ ಯಂತ್ರವನ್ನು ಪಟ್ಟಿಯ ನಾಲಿಗೆಗೆ ಕೂರಿಸಿ ಮರದ ಸುತ್ತಿಗೆಯಿಂದ ಅದರ ತಲೆಗೆ ಒಂದು ಪೆಟ್ಟು ಕೊಟ್ಟರೆ ಎರಡು ಇಂಚಿನ ಮೊಳೆ ಓರೆಯಾಗಿ ನಾಲಿಗೆಯ ಮೂಲಕ ಪ್ಲೈವುಡ್ಡಿಗೆ ಇಳಿಯುತ್ತದೆ. ಆ ಪೆಟ್ಟಿಗೆ ಎರಡು ಕೆಲಸ: ಮೊಳೆ ಇಳಿಸುವುದು, ಪಟ್ಟಿಯನ್ನು ಹಿಂದಿನ ಪಟ್ಟಿಗೆ ಬಿಗಿಯಾಗಿ ಒತ್ತುವುದು. ಎಂಟು–ಹತ್ತು ಇಂಚಿಗೊಂದು ಮೊಳೆ. ಗೋಡೆಯ ಸುತ್ತ ಮುಕ್ಕಾಲು ಇಂಚು ಖಾಲಿ ಬಿಟ್ಟರು. ಅದು ಹಿಗ್ಗಿಗೆ ಮೀಸಲು, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಬಾಗಿಲ ಚೌಕಟ್ಟಿನ ಸುತ್ತ ಪಟ್ಟಿಯನ್ನು ಕೊರೆದು ಹೊಂದಿಸುವ ಬದಲು ಚೌಕಟ್ಟಿನ ಬುಡವನ್ನೇ ತೆಳ್ಳಗೆ ಕೊಯ್ದು ಪಟ್ಟಿಯನ್ನು ಅದರಡಿ ತೂರಿಸಿದರು. ಮುಗಿದ ಮೇಲೆ ನೋಡುವವರಿಗೆ ಮನೆ ಕಟ್ಟಿದಾಗಲೇ ಈ ನೆಲ ಇತ್ತು ಎನಿಸುತ್ತದೆ. ಅಡುಗೆಮನೆಗೂ ಹಾಕಿಸುವ ಆಲೋಚನೆ ನಮಗಿತ್ತು. ನೆಲ ಮುಕ್ಕಾಲು ಇಂಚು ಏರಿದರೆ ಪಾತ್ರೆ ತೊಳೆಯುವ ಯಂತ್ರ ಕಟ್ಟೆಯ ಕೆಳಗೆ ಸಿಕ್ಕಿಹಾಕಿಕೊಂಡು ಮುಂದೆ ರಿಪೇರಿಗೆ ಹೊರತೆಗೆಯಲು ಬರುವುದಿಲ್ಲ ಎಂದು ಅವರೇ ತಡೆದರು. ಕೆಲಸ ಹೆಚ್ಚಿದರೆ ಅವರಿಗೇ ಲಾಭವಿತ್ತು ಎಂಬುದನ್ನು ಓದುವವರು ಗಮನಿಸಬೇಕು.

ಇನ್ನು ಅರ್ಧ ಅಂಕ ಕಳೆದ ಕಥೆ. ಉಜ್ಜುವುದಕ್ಕೆ ಈ ತಂಡ ಹೊರಗಿನವರನ್ನು ಕರೆಸಿತು. ಡ್ರಮ್ ಯಂತ್ರದಲ್ಲಿ ಮೊದಲು 36ರ ಒರಟು ಉಪ್ಪುಕಾಗದ, ಆಮೇಲೆ 60, ಕೊನೆಗೆ 100. ಗೋಡೆಯಂಚಿಗೆ ದುಂಡನೆಯ ಸಣ್ಣ ಯಂತ್ರ. ಇವರು ಪ್ಲಾಸ್ಟಿಕ್ ಹಾಳೆಯಿಂದ ಬಾಗಿಲುಗಳನ್ನು ಮುಚ್ಚಿದರು, ಆದರೆ ಪಡಸಾಲೆಯಲ್ಲಿ ಹೀಟರಿಗೆ ಗಾಳಿ ಎಳೆದುಕೊಳ್ಳುವ ಜಾಲರಿಯನ್ನು ಹಾಗೇ ಬಿಟ್ಟರು. ಮೇಲಿನ ಮಲಗುವ ಕೋಣೆಗಳ ತನಕ ಓಕಿನ ನುಣುಪು ಧೂಳು ಹರಡಿತು. ಅತ್ತೆಗೆ ಉಬ್ಬಸ, ಕಾರ್ಪೆಟ್ ತೆಗೆಸಲು ಮುಖ್ಯ ಕಾರಣವೇ ಅದು. ಆ ವಾರ ಅವರು ಗೆಳೆಯರ ಮನೆಯಲ್ಲಿದ್ದರು, ಹಾಗಾಗಿ ಬಚಾವಾದರು. ಎರಡನೆಯದು, ಮೊದಲ ಕೋಟ್ ಬಿದ್ದ ಸಂಜೆ ಪಶ್ಚಿಮದ ಕಿಟಕಿಯಿಂದ ಓರೆ ಬಿಸಿಲು ಬಂದಾಗ ಗೋಡೆಯುದ್ದಕ್ಕೂ ಅರ್ಧಚಂದ್ರಾಕಾರದ ಗೀರುಗಳು ಎದ್ದು ಕಂಡವು. ಸಣ್ಣ ಯಂತ್ರ ಬಿಟ್ಟ ಗುರುತುಗಳವು. ಆ ಅಂಚನ್ನು ಮುಂದಿನ ಹಂತದ ಕಾಗದದಲ್ಲಿ ಸರಿಯಾಗಿ ಉಜ್ಜಿರಲಿಲ್ಲ. ಹಿರಿಯರಿಗೆ ಫೋನ್ ಮಾಡಿದೆ. ಮರುದಿನ ಅವರೇ ಬಂದರು. ಮಂಡಿಯೂರಿ ಕೂತು ಟಾರ್ಚನ್ನು ನೆಲಮಟ್ಟಕ್ಕೆ ಹಿಡಿದು ನೋಡಿದರು. ಯಾವ ವಾದವನ್ನೂ ಹೂಡದೆ ಇಡೀ ಅಂಚನ್ನು ಕೈಯಲ್ಲಿ ಕೆರೆದು, ಉಜ್ಜಿ, ಮತ್ತೆ ಕೋಟ್ ಕೊಟ್ಟರು. ಗಾಳಿ ಕೊಳವೆ ತೊಳೆಸಿದ ಖರ್ಚನ್ನು ಬಿಲ್ಲಿನಲ್ಲಿ ಮುರಿದುಕೊಂಡರು. ನೀವು ಹಾಕಿಸುವಾಗ ಎರಡು ಮಾತು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ: ಗಾಳಿಯ ಜಾಲರಿಗಳೆಲ್ಲ ಮುಚ್ಚಬೇಕು, ಮೊದಲ ಕೋಟಿಗೆ ಮುಂಚೆ ಓರೆ ಬೆಳಕಿನಲ್ಲಿ ನೆಲವನ್ನು ನಿಮಗೆ ತೋರಿಸಬೇಕು. ಇನ್ನೊಂದು ಎಚ್ಚರಿಕೆ. ಉಜ್ಜಿದ ಧೂಳಿನ ಚೀಲವನ್ನೂ ಎಣ್ಣೆ ಅಂಶವಿರುವ ಬಟ್ಟೆ ಚಿಂದಿಗಳನ್ನೂ ರಾತ್ರಿ ಮನೆಯೊಳಗೆ ಬಿಡಬಾರದು. ಅವು ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲವು.

ಪಾಲಿಶ್ ನಾವು ಆರಿಸಿದ್ದು ನೀರು ಆಧಾರಿತ ಪಾಲಿಯುರೆಥೇನ್, ಹಚ್ಚುವ ಮುಂಚೆ ಗಟ್ಟಿಕಾರಕ ಬೆರೆಸುವ ಜಾತಿಯದು. ಎಣ್ಣೆ ಆಧಾರಿತವಾದದ್ದು ಅಗ್ಗ, ಮರಕ್ಕೆ ಬೆಲ್ಲದ ಬಣ್ಣ ಕೊಡುತ್ತದೆ, ವರ್ಷ ಕಳೆದಂತೆ ಆ ಬಣ್ಣ ಇನ್ನೂ ಗಾಢವಾಗುತ್ತದೆ. ಆದರೆ ಅದರ ವಾಸನೆ ದಿನಗಟ್ಟಲೆ ಹೋಗುವುದಿಲ್ಲ, ಒಂದು ಕೋಟ್ ಒಣಗಲು ಸುಮಾರು ಒಂದು ದಿನವೇ ಬೇಕು. ಉಬ್ಬಸದವರು ಇರುವ ಮನೆಯಲ್ಲಿ ಅದು ನಮಗೆ ಬೇಡವಾಯಿತು. ಹೊಳಪು ಕಡಿಮೆ ಇರುವುದನ್ನೇ ಹಾಕಿಸಿ. ಕನ್ನಡಿಯ ಹೊಳಪಿನಲ್ಲಿ ಪ್ರತಿ ಗೀರೂ ಎದ್ದು ಕಾಣುತ್ತದೆ.

ನಮ್ಮಂಥವರ ಮನೆಯಲ್ಲಿ ಈ ನೆಲ ಹೇಗೆ ಬಾಳುತ್ತದೆ ಎಂದು ಕೇಳುವವರಿಗೆ ಒಂದೆರಡು ಮಾತು. ಚಪ್ಪಲಿ ಹೊರಗೆ ಬಿಡುವ ನಮ್ಮ ಪದ್ಧತಿ ಈ ನೆಲಕ್ಕೆ ವರ. ಶೂಗಳ ಅಡಿಯಲ್ಲಿ ಬರುವ ಮರಳೇ ಪಾಲಿಶಿನ ದೊಡ್ಡ ಶತ್ರು. ಬಕೆಟ್ಟಿನಲ್ಲಿ ನೀರು ತಂದು ನೆಲ ಒರೆಸುವ ಪದ್ಧತಿಯನ್ನು ಮಾತ್ರ ಪೂರ್ತಿ ಬಿಡಬೇಕು. ಹಿಂಡಿ ಹಿಂಡಿ ಬರೀ ತಣಸು ಉಳಿದ ಬಟ್ಟೆ ಸಾಕು. ದೇವರ ಮುಂದೆ ಎಣ್ಣೆ ದೀಪ, ಅರಿಶಿನ, ಕುಂಕುಮ ಇರುವ ಜಾಗಕ್ಕೆ ನಾವು ಕಲ್ಲಿನ ಹಾಸು ಹಾಕಿಸಿ ಅದರ ಸುತ್ತ ಪಟ್ಟಿಯ ಅಂಚು ಕಟ್ಟಿಸಿಕೊಂಡೆವು. ತುಳಸಿ ಕುಂಡದ ಬಗ್ಗೆ ಹೆಚ್ಚು ಜಾಗ್ರತೆ ಬೇಕು. ಇಲ್ಲಿ ಅಕ್ಟೋಬರಿನಲ್ಲಿ ಹಿಮ ಬೀಳುವ ಮೊದಲು ತುಳಸಿಯನ್ನು ಒಳಗೆ ತಂದು ಬಿಸಿಲು ಬರುವ ಕಿಟಕಿಯ ಕೆಳಗೆ ಇಡುವವರೇ ಎಲ್ಲರೂ. ಕುಂಡದ ತಟ್ಟೆಯಡಿ ತೇವ ನಿಂತರೆ, ಅದರಲ್ಲಿ ಕಬ್ಬಿಣದ ಅಂಶವೂ ಸೇರಿದರೆ ಓಕಿನಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಕೂಡಿ ಮಸಿಯಂಥ ಕಪ್ಪು ಕಲೆ ಕಟ್ಟುತ್ತದೆ. ಅದು ಮೇಲಿನ ಕಲೆಯಲ್ಲ, ಮರದೊಳಗೇ ಹುಟ್ಟುವ ಬಣ್ಣ, ಒರೆಸಿದರೆ ಹೋಗುವುದಿಲ್ಲ. ನಮ್ಮ ತುಳಸಿ ಈಗ ಕಾಲಿರುವ ಸ್ಟ್ಯಾಂಡಿನ ಮೇಲೆ ನಿಂತಿದೆ.

ಬೆಂಗಳೂರಿನಲ್ಲಿ ಇದೇ ನೆಲ ಹಾಕಿಸಬಹುದೇ ಎಂದು ನನ್ನ ತಮ್ಮ ಕೇಳಿದ. ಅಲ್ಲಿ ನೆಲವೆಲ್ಲ ಕಾಂಕ್ರೀಟ್. ಮೊಳೆ ಹಿಡಿಯಲು ಮೊದಲು ಮರದ ಪಟ್ಟಿಗಳ ಚೌಕಟ್ಟೋ ಪ್ಲೈವುಡ್ಡೋ ಬೇಕು, ಕೆಳಗಿನಿಂದ ತೇವ ಏರದಂತೆ ತಡೆಹಾಳೆ ಬೇಕು, ಗೆದ್ದಲಿನ ಔಷಧ ಬೇಕು. ಮಳೆಗಾಲದ ತೇವಕ್ಕೆ ಒಗ್ಗಿಸಿದ ಮರವನ್ನೇ ಹಾಕಬೇಕು. ನಮ್ಮ ಮಲೆನಾಡಿನ ಬಡಗಿಗಳು ಮತ್ತಿ, ಹಲಸಿನ ಹಲಗೆಗಳನ್ನು ಕೊಯ್ದು ಅಟ್ಟದ ಮೇಲೆ ಮಳೆ ಬಿಸಿಲು ಎರಡನ್ನೂ ಕಾಣುವ ತನಕ ಬಿಟ್ಟೇ ಆಮೇಲೆ ಮಹಡಿಗೆ ಹಾಕುತ್ತಿದ್ದರು. ಮೀಟರ್ ಇಲ್ಲದ ಕಾಲದಲ್ಲೂ ಕಾಯುವುದು ಕೆಲಸದ ಭಾಗ ಎಂದು ಅವರಿಗೆ ಗೊತ್ತಿತ್ತು.

ಈಗ ಋತುಗಳ ಫಲಿತಾಂಶ. ಜನವರಿಯ ಕೊನೆಗೆ ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟಿನ ಹತ್ತಿರ ಇಳಿದಾಗಲೂ ಹೀಟರಿಗೆ ಕೂಡಿಸಿದ ಆರ್ದ್ರಕ ಮನೆಯ ಗಾಳಿಯನ್ನು ಶೇಕಡ 33ರ ಮೇಲೆ ಇಟ್ಟಿತ್ತು. ಪಟ್ಟಿಗಳ ನಡುವೆ ಕೂದಲೆಳೆಯಷ್ಟು ಸಂದುಗಳು ಅಲ್ಲಲ್ಲಿ ಕಂಡವು. ವಿಸಿಟಿಂಗ್ ಕಾರ್ಡಿನ ಅಂಚನ್ನು ತೂರಿಸಿ ನೋಡಿದೆ, ಹೆಚ್ಚಿನ ಕಡೆ ಇಳಿಯಲಿಲ್ಲ. ಜೂನಿಗೆ ಅವೆಲ್ಲ ಮುಚ್ಚಿಕೊಂಡವು. ಊಟದ ಕೋಣೆಯ ಆ ಮೂಲೆಯೂ ಎಲ್ಲದರಂತೆ ಸಪಾಟಾಗಿದೆ, ಎಲ್ಲೂ ಅಂಚು ಎದ್ದಿಲ್ಲ. ಕಿರುಗುಟ್ಟುವುದು ಒಂದೇ ಕಡೆ, ಪಡಸಾಲೆಯ ತಿರುವಿನಲ್ಲಿ, ಅದೂ ಚಳಿಗಾಲದಲ್ಲಿ ಮಾತ್ರ. ಅತ್ತೆಯ ಇನ್‌ಹೇಲರ್ ಬಳಕೆ ಕಡಿಮೆಯಾಗಿದೆ. ಅದಕ್ಕೆ ಕಾರ್ಪೆಟ್ ಹೋದದ್ದೇ ಕಾರಣ ಎಂದು ವೈದ್ಯೆಯಂತೆ ನಾನು ಹೇಳಲಾರೆ, ಆದರೆ ಅವರು ಹೇಳುತ್ತಾರೆ.

ಕೂಟದ ಎರಡು ಮನೆಯವರಿಗೆ ಈ ತಂಡದ ಪರಿಚಯ ಮಾಡಿಸಿದ್ದೇನೆ. ಒಂದು ಮನೆಯಲ್ಲಿ ಕೆಲಸ ಮುಗಿದಿದೆ, ಅವರೂ ತೃಪ್ತರು. ಇನ್ನೊಂದು ಮನೆಯಲ್ಲಿ ಮಾಡಿನ ನೀರು ಅಡಿಪಾಯದ ಬುಡಕ್ಕೇ ಸುರಿದು ಬೇಸ್‌ಮೆಂಟಿನ ಗೋಡೆ ಒದ್ದೆಯಾಗಿದೆ. ಹಿರಿಯರು ಅಲ್ಲಿಯೂ ಮೀಟರ್ ಚುಚ್ಚಿ ನೋಡಿ, ನೀರಿನ ಕೊಳವೆಯನ್ನು ಗೋಡೆಯಿಂದ ದೂರಕ್ಕೆ ತಿರುಗಿಸಿ ತೇವ ಇಳಿಸದ ಹೊರತು ಮರ ತರಿಸುವುದಿಲ್ಲ ಎಂದು ಹೇಳಿ, ಮುಂಗಡದ ಚೆಕ್ಕನ್ನು ವಾಪಸು ಕೊಟ್ಟು ಹೋಗಿದ್ದಾರೆ.